ಒಂದೇ ಥರದ ಎರಡು ತಪ್ಪಲೆ

ತಿಪಟೂರಿನಿಂದ ಬಿಳಿಗೆರೆ ಕಡೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟದ ಅಂಚಿನಲ್ಲಿ, ಪರಿಚಯದವರೇ ಸೇರಿ ಜಾಗ ಕೊಂಡು ನಾಲ್ಕು ಪುಟ್ಟ ಮನೆ ಕಟ್ಟಿಕೊಂಡೆವು. ಮಲಗುವುದು ಅವರವರ ಮನೆಯಲ್ಲಿ, ಅಡುಗೆ ಊಟ ಮಾತ್ರ ನಡುವಿನ ಉದ್ದನೆಯ ಅಡುಗೆಮನೆಯಲ್ಲಿ ಎಂದು ಮಾತಾಗಿತ್ತು. ಕೂಡಿ ಬಾಳಿದರೆ ಸ್ವರ್ಗ ಸುಖ ಅಂತ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಮದುವೆಯಾಗದವಳು ನಾನು. ದಂಡಿನಶಿವರದಲ್ಲಿ ನರ್ಸಾಗಿದ್ದಷ್ಟೂ ವರ್ಷ ಒಬ್ಬಳೇ ಬೇಯಿಸಿ, ಒಬ್ಬಳೇ ಉಂಡು ಸಾಕಾಗಿತ್ತು. ಪಕ್ಕದಲ್ಲೊಬ್ಬರು ಕೂತು ಉಣ್ಣಬೇಕು, "ಇನ್ನೊಂಚೂರು ಸಾರು ಹಾಕ್ಲಾ" ಅನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ನಮ್ಮ ಕಡೆ ಒಂದು ಲೋಟ ಕೊಂಡರೂ ಹೆಸರು ಕೆತ್ತಿಸದೆ ಮನೆಗೆ ತರುವುದಿಲ್ಲ. ಒಟ್ಟಿನ ಅಡುಗೆಮನೆಯಲ್ಲಿ ಆ ಚಾಳಿ ಬೇಡವೆಂದು ನಾನು ಹಟ ಹಿಡಿದೆ. ಹಟ ಹಿಡಿದವಳು ಸುಮ್ಮನಿರದೆ, ಅಮ್ಮನ ಹೆಸರಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಅಂಗಡಿಗೆ ಹಾಕಿ, ಬದಲಿಗೆ ಒಂದೇ ಅಳತೆಯ ಎರಡು ದೊಡ್ಡ ಸ್ಟೀಲ್ ತಪ್ಪಲೆ ತಂದೆ. ಅಂಗಡಿಯವನು ಕೆತ್ತುವ ಮಿಷನ್ ಹಿಡಿದು "ಏನಂತ ಹಾಕ್ಲಿ ಅಕ್ಕಾ?" ಎಂದ. "ಏನೂ ಬೇಡ ಕಣಪ್ಪ, ಇದು ಎಲ್ಲಾರ್ದೂವೆ" ಎಂದು ಬೀಗಿದೆ.

ಒಂದು ಮನೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಮತ್ತು ಅವರ ಹೆಂಡತಿ, ಮಾಂಸ ಮುಟ್ಟದವರು. ಇನ್ನೆರಡು ಮನೆಯಲ್ಲಿ ಒಬ್ಬ ಅಕ್ಕ, ಒಬ್ಬ ತಂಗಿ, ಅವರವರ ಗಂಡಂದಿರು. ಇವರಿಗೆ ವಾರಕ್ಕೊಮ್ಮೆಯಾದರೂ ಬಾಡು ಬೇಕು. ನಾನು ಯಾರ ಎಲೆಯ ಪಕ್ಕವಾದರೂ ಕೂರುವವಳು. ಹಾಗಾಗಿ ಒಂದು ತಪ್ಪಲೆ ಬಾಡಿನ ಅಡುಗೆಗೆ, ಒಂದು ಉಳಿದದ್ದಕ್ಕೆ. ಬಾಡಿನ ತಪ್ಪಲೆಯ ಹಿಡಿಗೆ ಕೆಂಪು ದಾರ. ಈ ಏರ್ಪಾಟು ಚೆನ್ನಾಗಿಯೇ ನಡೆಯಿತು. ಕಾಯಿ ತುರಿಯುವುದು ಅಕ್ಕ, ರುಬ್ಬುವುದು ತಂಗಿ. ಅನ್ನ ಆದೊಡನೆ ಕಂಡಕ್ಟರು ಬಾಗಿಲಲ್ಲಿ ನಿಂತು "ಒಳಗ್ ನಡೀರಿ, ಹಿಂದ್ಗಡೆ ಜಾಗ ಐತೆ" ಎಂದು ಕೂಗುವರು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನಾನು ದಪ್ಪಗಾದೆ.

ಯುಗಾದಿಗೆ ಒಂದು ತಪ್ಪಲೆಯಲ್ಲಿ ಒಬ್ಬಟ್ಟಿನ ಸಾರು, ಮಾರನೆಯ ದಿನ ಹೊಸತೊಡಕಿಗೆ ಇನ್ನೊಂದರಲ್ಲಿ ಬಾಡಿನ ಸಾರು. ಎಲ್ಲ ಮುಗಿದ ಮೇಲೆ ಅಕ್ಕತಂಗಿಯರು ಎರಡನ್ನೂ ಹುಣಸೆಹಣ್ಣು ಹಚ್ಚಿ ಉಜ್ಜಿ ಬಿಸಿಲಿಗೆ ಬೋರಲು ಹಾಕಿದರು. ಸಂಜೆ ನೋಡಿದರೆ ಹಿಡಿಯಲ್ಲಿ ದಾರವಿಲ್ಲ. ಮೋರಿಯ ಜಾಲರಿಗೆ ಸಿಕ್ಕಿಕೊಂಡಿತ್ತು.

"ಇದೇ ಕಣಕ್ಕ ಬಾಡಿಂದು" ಎಂದಳು ತಂಗಿ.

"ಅದಲ್ಲ ಕಣೇ, ಇದು" ಎಂದಳು ಅಕ್ಕ.

ಕಂಡಕ್ಟರ ಹೆಂಡತಿ ಬಗ್ಗಿ ಎರಡನ್ನೂ ಮೂಸಿ ನೋಡಿದರು. ಎರಡರಲ್ಲೂ ಹುಣಸೆಹಣ್ಣಿನ ವಾಸನೆಯೇ. ಹೊಸದೊಂದು ತಂದುಬಿಡೋಣ ಎಂದೆ. "ತಪ್ಪಲೆ ಒಂದೇ ಅಲ್ಲ ಕಣ್ರೀ, ಇಷ್ಟು ದಿನ ಸೌಟು ಯಾವ್ಯಾವ್ದುಕ್ಕೆ ಹೋಗಿತ್ತೋ" ಎಂದರು ಅವರು ಮೆಲ್ಲಗೆ. ಅನುಮಾನಕ್ಕೆ ಮದ್ದಿಲ್ಲ. ಈ ವಾರ ಮಾತ್ರ ನಮ್ಮ ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಎಂದು ಹೋದ ಗಂಡ ಹೆಂಡತಿ ಮತ್ತೆ ಬರಲಿಲ್ಲ.

ಅಕ್ಕತಂಗಿಯರಿಗೆ ಉರಿದುಹೋಯಿತು. "ನಾವೇನು ಹೊಲಸು ತಿಂದ್ವಾ?" ಎಂದು ಅಕ್ಕ ತುರಿಯೋ ಮಣೆ ಎತ್ತಿಕೊಂಡಳು. ತಂಗಿಯ ಗಂಡ ಗ್ರೈಂಡರ್ ಹೊತ್ತ. ಆಮೇಲೆ ಶುರುವಾಯಿತು ನೋಡಿ, ಒಂದೊಂದು ಪಾತ್ರೆಯನ್ನೂ ತಿರುಗಿಸಿ ಹೆಸರು ಓದುವ ಕೆಲಸ. ತಟ್ಟೆ, ಡಬರಿ, ಸಾಸಿವೆ ಡಬ್ಬಿ, ಎಲ್ಲದರಲ್ಲೂ ಯಾರದೋ ಹೆಸರು! ನನ್ನ ಹಟಕ್ಕೆ ಎಲ್ಲರೂ ಹೂಂ ಎಂದು ತಲೆಯಾಡಿಸಿ, ಹಳೆಯ ಪಾತ್ರೆಗಳನ್ನೇ ತಂದು ಜೋಡಿಸಿದ್ದರು. ನಾನೊಬ್ಬಳೇ ಗೂಬೆ. ಹಂಚಿಕೊಂಡು ಉಳಿದದ್ದು ಆ ಎರಡು ತಪ್ಪಲೆ. ಯಾರಿಗೂ ಬೇಡ. ಅವುಗಳಲ್ಲಿ ಒಬ್ಬಳಿಗೆ ಅನ್ನ ಇಟ್ಟರೆ ತಳವೂ ಮುಚ್ಚುವುದಿಲ್ಲ, ಬೇಯುವ ಮೊದಲೇ ಸೀಯುತ್ತದೆ. ಅಡುಗೆಮನೆಗೆ ಈಗ ತೆಂಗಿನಕಾಯಿ ತುಂಬಿದ್ದಾರೆ, ಕೊಬ್ಬರಿಯಾಗಲಿ ಎಂದು.

ಮೊನ್ನೆ ನನಗೆ ಜ್ವರ ಬಂದಾಗ ಕಂಡಕ್ಟರ ಹೆಂಡತಿಯೇ ಸಣ್ಣ ಬಟ್ಟಲಲ್ಲಿ ಮೆಣಸಿನ ಸಾರು ತಂದುಕೊಟ್ಟರು. ಕುಡಿದು ಅತ್ತುಬಿಟ್ಟೆ. ಇದು ಮುಗಿದಿಲ್ಲ, ಮತ್ತೆ ಒಟ್ಟಿಗೆ ಕೂರುತ್ತೇವೆ ಎಂದುಕೊಂಡೆ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ. ಬಟ್ಟಲು ತೊಳೆದು, ನಾಲ್ಕು ಚೂರು ಕೊಬ್ಬರಿ, ಒಂದಚ್ಚು ಬೆಲ್ಲ ಹಾಕಿಕೊಂಡು ಅವರ ಬಾಗಿಲಿಗೆ ಹೋದೆ.

ಅವರು ಹೊಸಿಲ ಒಳಗೇ ನಿಂತರು. ದನಿಯಲ್ಲಿ ಒಂದಿಷ್ಟೂ ಕಹಿಯಿಲ್ಲ. "ಜ್ವರದಾಗೆ ಯಾಕೆ ಬರಾಕೋದ್ರಿ? ಅಲ್ಲೇ ನಲ್ಲಿ ಹತ್ರ ಇಟ್ಬುಡಿ. ತೊಳ್ಕೊಂಡು ಒಳಕ್ ತಗಂತೀನಿ."

ನಾನು ತೊಳೆದಿದ್ದೇನೆ ಎಂಬ ಮಾತು ಬಾಯಿತನಕ ಬಂತು. ಬಟ್ಟಲನ್ನು ನಲ್ಲಿಯ ಕಟ್ಟೆಯ ಮೇಲೆ ಇಟ್ಟು ಬಂದೆ.

ಸಂಜೆ ಕಿಟಕಿಯಿಂದ ನೋಡಿದೆ. ಬಟ್ಟಲು ಒಳಗೆ ಹೋಗಿತ್ತು. ಕೊಬ್ಬರಿ, ಬೆಲ್ಲ ಕಟ್ಟೆಯ ಮೇಲೇ ಇದ್ದವು, ಇರುವೆ ಮುತ್ತಿತ್ತು.