ಜೀಪು ಹೋಗುವ ಕಾಡುದಾರಿ

ಮಾವನಲ್ಲ ಎಂಬ ಹಳ್ಳಿಯ ಕೂಲಿ ಹೆಂಗಸು ಜೋಗಮ್ಮ ಕಾಡಂಚಿನ ದಾರಿಯಲ್ಲಿ ಒಣ ಸೌದೆ ಆಯುತ್ತಿದ್ದಾಗ ಫಾರೆಸ್ಟ್ ಗಾರ್ಡ್ ಹಿಡಿದು ಕೇಸು ಹಾಕಿದ. ಜನ ಓಡಾಡಿದರೆ ಆನೆಗಳಿಗೆ ತೊಂದರೆ ಎಂಬುದು ಸರ್ಕಾರದ ನಿಯಮ. ಕೋರ್ಟಿನಲ್ಲಿ ಆಕೆ ತಪ್ಪು ಒಪ್ಪಿಕೊಂಡು, ಕೈಮುಗಿದು ಕೇಳಿದಳು:

"ಸಾಮಿ, ಅದೇ ದಾರೀಲಿ ರೆಸಾರ್ಟಿನ ಜೀಪು ದಿನಾ ಹೋಗುತ್ತೆ. ಆನೆ ನನ್ನ ಕಂಡ್ರೆ ಮಾತ್ರ ಬೆದರುತ್ತಾ?"

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ಜೀಪಿನ ಕೇಸು ನನ್ನ ಮುಂದೆ ಬಂದಿಲ್ಲಮ್ಮ," ಎಂದು, ಎಚ್ಚರಿಕೆ ಕೊಟ್ಟು ಬಿಟ್ಟುಬಿಟ್ಟರು.

ಹೊರಗೆ ಕಾದಿದ್ದ ಮಗಳು ದೀಪಾ, "ಬಸ್ಸು ಬಂತು, ನಡಿಯವ್ವ," ಎಂದಳು.

"ನೀ ಹೋಗು. ಕೇಸು ಹೆಂಗೆ ಬರುತ್ತೆ ಅಂತ ನೋಡ್ಕಂಡು ಬತ್ತೀನಿ."

ಜೋಗಮ್ಮ ಮತ್ತೆ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳು. ಯಾರದೋ ಬೇಲಿ ಜಗಳ ನಡೆಯುತ್ತಿತ್ತು. ಕೋರ್ಟು ಮುಚ್ಚುವವರೆಗೂ ಕಿವಿಗೊಟ್ಟು ಕೇಳಿದಳು. ಮರುವಾರ ವಕೀಲರೊಬ್ಬರನ್ನು ಹಿಡಿದು ಜೀಪುಗಳ ಮೇಲೆ ಅರ್ಜಿ ಹಾಕಿಸಿದಳು. ಅದರ ವಿಚಾರಣೆ ಇನ್ನೂ ನಡೆಯುತ್ತಿದೆ.