ಬಾಣಂತಿಯ ಪರವಾಗಿ ನಾನು ಕೊಟ್ಟ ಉತ್ತರ

ಗಿರಿಜಾ, ನೀನು ನನ್ನನ್ನು ನಂಬಿ ಒಪ್ಪಿಸಿಹೋದ ಮಾತನ್ನು ನಾನು ನಮ್ಮ ಮ್ಯಾನೇಜರ್ ಪ್ರಸಾದ್ ಸಾರ್‌ಗೆ ತಲುಪಿಸಲಿಲ್ಲ. ಅಷ್ಟೇ ಆಗಿದ್ದರೆ ಮರೆತೆ ಎಂದು ಜಾರಿಕೊಳ್ಳಬಹುದಿತ್ತು. ಅದರ ಜಾಗದಲ್ಲಿ ಒಂದು ಸುಳ್ಳು ಹೇಳಿದೆ — ನಿನ್ನ ಹೆಸರಿನಲ್ಲಿ. ಇಪ್ಪತ್ತೊಂದು ವರ್ಷದಿಂದ ಆ ಸುಳ್ಳು ಹಾಕಿಕೊಟ್ಟ ಕುರ್ಚಿಯಲ್ಲೇ ಕೂತಿದ್ದೇನೆ.

ತೆಲುಗು ನಾಡಿನ ಮಾದಾಪುರದಲ್ಲಿ ಬಂಡೆ ಒಡೆದು ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಇಪ್ಪತ್ತೆರಡು ಜನರ ನಮ್ಮ ತಂಡದಲ್ಲಿ ಹೆಂಗಸರೆಂದರೆ ನಾವಿಬ್ಬರೇ, ಕನ್ನಡದವರೂ ನಾವಿಬ್ಬರೇ. ನೀನು ಗುಲ್ಬರ್ಗಾದವಳು, ನಾನು ಮೈಸೂರಿನವಳು. ನಿನ್ನ ‘ಐತಿ’ಯನ್ನು ನಾನು ಆಡಿಕೊಳ್ಳುತ್ತಿದ್ದೆ, ನನ್ನ ‘ಕಣೇ’ಯನ್ನು ನೀನು. ನಿನ್ನ ಡಬ್ಬಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು. ಕೆಲಸದಲ್ಲಿ ನೀನು ನನಗಿಂತ ಒಂದು ಕೈ ಮೇಲು — ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಚೊಚ್ಚಲ ಹೆರಿಗೆಗೆ ನೀನು ತವರಿಗೆ ಹೊರಟ ದಿನ ಬೀಳ್ಕೊಡಲು ಲಿಂಗಂಪಲ್ಲಿ ಸ್ಟೇಷನ್ನಿಗೆ ಬಂದಿದ್ದೆ. ತಂಡ ನಡೆಸಲು ಹೊಸ ಲೀಡ್ ಬೇಕಂತೆ ಎಂಬ ಗುಸುಗುಸು ಆಗಲೇ ಶುರುವಾಗಿತ್ತು. ಕಿಟಕಿಯ ಸರಳಿನಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡೆ ನೀನು.

“ನೋಡು, ನಾ ಬರೋಬ್ಬರಿ ಮೂರು ತಿಂಗಳಿಗೆ ಬರ್ತೀನಿ. ಅವ್ವನ್ನ ಸಂಗಡ ಕರ್ಕೊಂಡು ಬರ್ತೀನಿ, ಕೂಸಿನ್ನ ಆಕಿ ನೋಡ್ಕೊಂತಾಳ. ಈಗ ನಾನ ಹೋಗಿ ಕೇಳಿದ್ರ, ಹುದ್ದೇನ ಇನ್ನಾ ಹುಟ್ಟಿಲ್ಲ, ಇಕಿ ಆಗಲೇ ಜೊಲ್ಲು ಸುರಸಾಕತ್ತಾಳ ಅಂತಾರ. ಲೀಡ್ ಮಾತು ಬಂದ್ರ ನೀ ಹೇಳು — ಗಿರಿಜಾಗ ಬೇಕಾಗೇತಿ ಅಂತ. ಮುಚ್ಚುಮರೆ ಬ್ಯಾಡ, ಖುಲ್ಲಾ ಹೇಳು.”

“ಹೇಳ್ತೀನಿ ಕಣೇ, ಹೋಗಿ ಬಾ” ಎಂದೆ. ಆಗ ಹೇಳುವ ಮನಸ್ಸಿತ್ತು — ಇತ್ತು ಎಂದೇ ನೆನಪು. ಆದರೆ ನನ್ನ ನೆನಪು ನನ್ನ ಕಡೆಯ ಸಾಕ್ಷಿ. ಅದನ್ನು ನಂಬಬೇಡ.

ಮೂರು ವಾರ ಕಳೆದು, ನಿನಗೆ ಹೆರಿಗೆಯಾದ ಸುದ್ದಿ ಬಂದ ಮೇಲೆ ಪ್ರಸಾದ್ ಸಾರ್ ತಮ್ಮ ಕೋಣೆಗೆ ಕರೆದರು. ಅವರು ಮೊದಲು ಎತ್ತಿದ್ದು ನಿನ್ನ ಹೆಸರನ್ನೇ, ಗಿರಿಜಾ. ಇದು ನಿನಗೆ ಇವತ್ತಿನವರೆಗೂ ಗೊತ್ತಿಲ್ಲ. “ನಿನ್ನ ಗೆಳತಿ ಯಾವಾಗ ವಾಪಸ್ ಬರುತ್ತಾಳೆ, ಲೀಡ್ ಮಾಡಿದರೆ ಒಪ್ಪುತ್ತಾಳಾ?” ಎಂದರು. ಉತ್ತರ ನನ್ನ ನಾಲಿಗೆಯ ಮೇಲೆಯೇ ಇತ್ತು. ಅದನ್ನು ನುಂಗಿ ನಾನು ಹೇಳಿದ್ದು ಇದು:

“ನಮ್ಮ ಕಡೆ ಚೊಚ್ಚಲ ಬಾಣಂತನ ಅಂದ್ರೆ ಐದು ತಿಂಗಳು ಸಾರ್. ಅದಕ್ಕೆ ಮುಂಚೆ ತವರಿಂದ ಕಳಿಸಲ್ಲ. ಅವಳೂ ಅಷ್ಟೇ... ಸದ್ಯಕ್ಕೆ ಜವಾಬ್ದಾರಿ ಬೇಡ ಅಂದಿದ್ದಾಳೆ.”

ಇಂಗ್ಲಿಷಿನಲ್ಲಿ ಹೇಳಿದ್ದೆ. ಕನ್ನಡದಲ್ಲಿ ಬರೆದಾಗ ಇನ್ನೂ ಕೊಳಕಾಗಿ ಕಾಣುತ್ತದೆ. ಐದು ತಿಂಗಳ ಪದ್ಧತಿಯೇನೋ ಸುಳ್ಳಲ್ಲ. ನಿನ್ನ ಮನೆಯವರೂ ಅದನ್ನೇ ಹಟ ಹಿಡಿದಿದ್ದರು; ನೀನು ಅತ್ತು, ಜಗಳವಾಡಿ, ಮೂರಕ್ಕೆ ಇಳಿಸಿಕೊಂಡಿದ್ದೆ. ನೀನು ಮನೆಯಲ್ಲಿ ಗೆದ್ದಿದ್ದನ್ನು ನಾನು ಆಫೀಸಿನಲ್ಲಿ ಒಂದೇ ಉಸಿರಿಗೆ ಸೋಲಿಸಿದೆ.

“ಪಾಪಂ, ಬಾಲಿಂತ. ಫೋನ್ ಚೆಯ್ಯೊದ್ದು” ಎಂದರು ಸಾರ್ ತೆಲುಗಿನಲ್ಲಿ — ಪಾಪ, ಬಾಣಂತಿ, ಫೋನ್ ಮಾಡಿ ತೊಂದರೆ ಕೊಡಬೇಡ ಎಂದು. ಅವರ ಮನೆಯಲ್ಲೂ ಅದೇ ಪದ್ಧತಿ, ಹಾಗಾಗಿ ಅನುಮಾನವೇ ಬರಲಿಲ್ಲ. ಒಳ್ಳೆಯ ಮನುಷ್ಯ. ಒಂದೇ ಒಂದು ಫೋನ್ ಮಾಡಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅವರ ಒಳ್ಳೆಯತನ ನನ್ನನ್ನು ಕಾಪಾಡಿತು. “ಹಾಗಾದರೆ ನೀನು ಮಾಡುತ್ತೀಯಾ?” ಎಂದರು. ನಾನು ಬೇಡ ಅನ್ನಲಿಲ್ಲ.

ಯಾಕೆ ಮಾಡಿದೆ — ಎಷ್ಟು ಸಲ ಕೇಳಿಕೊಂಡಿದ್ದೇನೋ. ಹೆಂಗಸರಿಗೆ ಇಲ್ಲಿರುವುದು ಒಂದೇ ಕುರ್ಚಿ, ಅದು ನಿನ್ನದಾದರೆ ನನಗೆ ಇನ್ನಿಲ್ಲ, ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹಾಗೆ ಅಂದುಕೊಂಡೆ. ಉಳಿದ ಇಪ್ಪತ್ತು ಗಂಡಸರ ಜೊತೆ ಪೈಪೋಟಿಗೆ ಇಳಿಯಬಹುದು ಎಂಬುದು ಹೊಳೆಯಲೇ ಇಲ್ಲ. ನನ್ನ ಹೊಟ್ಟೆಕಿಚ್ಚಿಗೆ ಕಂಡಿದ್ದು ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ಕೊಟ್ಟವಳು ಮಾತ್ರ.

ಹೇಳಿದ ಹಾಗೆ ಮೂರು ತಿಂಗಳಿಗೆ ಸರಿಯಾಗಿ ಬಂದೆ ನೀನು. ಕಣ್ಣಿನ ಕೆಳಗೆ ಕಪ್ಪು, ಕಿವಿಯಲ್ಲಿ ಹತ್ತಿ, ಕೈಯಲ್ಲಿ ಸ್ಟೀಲ್ ಡಬ್ಬಿ. ನಿನ್ನ ಅವ್ವ ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಯಲ್ಲಿ ನನಗೂ ಪಾಲು ತಂದಿದ್ದೆ. ನಾನು ಲೀಡ್ ಆಗಿದ್ದು ಅಷ್ಟರಲ್ಲಿ ಯಾರೋ ನಿನಗೆ ಹೇಳಿಯಾಗಿತ್ತು.

“ಸಾರ್‌ಗ ಹೇಳಿದ್ಯೇನು?” ಎಂದು ಮೆಲ್ಲಗೆ ಕೇಳಿದೆ ನೀನು.

“ಹೇಳಿದ್ದೆ ಕಣೇ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.” ನಿನ್ನ ಉಂಡಿಯನ್ನು ಬಾಯಲ್ಲಿಟ್ಟುಕೊಂಡೇ ಹೇಳಿದೆ ನಾನು.

“ಹೋಗ್ಲಿ ಬಿಡು. ನೀ ಆದಿ ಅಂದ್ರ ನಾ ಆದಂಗ.”

ಆಮೇಲೆ ನೀನು ಯಾರನ್ನೂ ಏನನ್ನೂ ಕೇಳಲಿಲ್ಲ. ನಿನ್ನ ಕಣ್ಣೆದುರಿಗೇ ಬಂದ ಹುಡುಗರು ನಿನ್ನನ್ನು ದಾಟಿಹೋದರು. ಎರಡು ವರ್ಷ ನನ್ನ ಕೈಕೆಳಗೆ ದುಡಿದು, ಉಪ್ಪಲ್ ಕಡೆಯ ಒಂದು ಸಣ್ಣ ಕಂಪನಿಗೆ ಹೊರಟುಹೋದೆ. ನಾನು ತಡೆಯಲಿಲ್ಲ — ಸುಳ್ಳು ಯಾಕೆ, ನೀನು ಹೋದ ದಿನ ಹಾಯೆನಿಸಿತು.

ನಾನು ದೊಡ್ಡ ಮನುಷ್ಯಳಾದೆ. ಪ್ರತಿ ಮಾರ್ಚ್ ಬಂತೆಂದರೆ ಮಹಿಳಾ ನಾಯಕತ್ವ, ಸಮಾನತೆ ಎಂದು ವೇದಿಕೆಗೆ ಕರೆಯುತ್ತಾರೆ. ಅಲ್ಲಿಗೆಂದೇ ನನ್ನ ಬಳಿ ಒಂದು ಕಥೆ ಇದೆ. “ನನಗೊಬ್ಬ ಗೆಳತಿ ಇದ್ದಳು, ನನಗಿಂತ ಜಾಣೆ. ಆದರೆ ಅವಳು ಕೇಳಲಿಲ್ಲ. ಬೇಕಾದದ್ದನ್ನು ಬಾಯಿಬಿಟ್ಟು ಕೇಳದಿರುವುದೇ ನಮ್ಮ ಅಡ್ಡಿ.” ಹುಡುಗಿಯರು ಬರೆದುಕೊಳ್ಳುತ್ತಾರೆ. ಹೇಳುತ್ತಾ ಹೇಳುತ್ತಾ ಅದನ್ನು ನಾನೇ ನಂಬುವಷ್ಟರ ಮಟ್ಟಿಗೆ ಬಂದಿದ್ದೆ — ನಾಚಿಕೆಯಾಗುತ್ತದೆ.

ಈ ಮಾರ್ಚಿನಲ್ಲಿ ಆ ಕಥೆ ಹೇಳಿ ಮುಗಿಸುವಾಗ ಮೂರನೇ ಸಾಲಿನಲ್ಲಿ ನೀನು ಕಂಡೆ. ತಲೆ ನರೆತಿತ್ತು. ಕಾರ್ಯಕ್ರಮ ಮುಗಿದ ಮೇಲೆ ನೀನಾಗಿಯೇ ಬಂದೆ. ಬೈಯಬಹುದು ಅಂದುಕೊಂಡೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಭಾಳ ಛಲೋ ಮಾತಾಡಿದಿ. ಖರೇನ ಐತಿ. ನಾನ ಹೋಗಿ ಕೇಳಬೇಕಿತ್ತು, ನಿನ್ನ ಮ್ಯಾಲ ಹೊರಿಸಿ ರೈಲು ಹತ್ತಿದೆ. ಮಗಳು ಈ ವರ್ಷ ಕೆಲಸಕ್ಕ ಹೊಂಟಾಳ. ಆಕಿಗೂ ಅದನ್ನ ಹೇಳ್ತೀನಿ — ನಿಮ್ಮವ್ವ ಕೇಳ್ಲಿಲ್ಲ, ನೀನರ ಕೇಳು ಅಂತ.”

ಅಲ್ಲೇ, ಆಗಲೇ ಹೇಳಬಹುದಿತ್ತು. ಫೋಟೋಗೆಂದು ಹುಡುಗಿಯರು ಕಾಯುತ್ತಿದ್ದರು. ನಿನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಕ್ಕೆ.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ, ಅದಕ್ಕಾಗಿ ಬರೆಯುತ್ತಲೂ ಇಲ್ಲ. ಮುಂದಿನ ವಾರ ಇನ್ನೊಂದು ವೇದಿಕೆಗೆ ಕರೆದಿದ್ದಾರೆ. ಅಲ್ಲಿ ಈ ಕಥೆಯನ್ನು ನಡೆದ ಹಾಗೆಯೇ ಹೇಳುತ್ತೇನೆ, ಆಮೇಲೆ ನನ್ನನ್ನು ಯಾರು ಕರೆಯಲಿ ಬಿಡಲಿ. ಆದರೆ ಅಲ್ಲಿ ಕೂತವರಿಗಿಂತ ಮೊದಲು ನಿನಗೆ ತಿಳಿಯಬೇಕು, ನಿನ್ನಿಂದ ನಿನ್ನ ಮಗಳಿಗೆ. ಅವಳಿಗೆ ನೀನು ತಪ್ಪು ಹೇಳಿಕೊಡುತ್ತಿದ್ದೀಯ ಗಿರಿಜಾ, ನನ್ನಿಂದಾಗಿ. ಇವತ್ತೇ ಕೂರಿಸಿಕೊಂಡು ತಿದ್ದಿ ಹೇಳು — ಅವಳ ಅವ್ವ ಕೇಳಿದ್ದಳು. ತುಂಬಿದ ಬಸುರಿ, ರೈಲು ಹೊರಡುವ ಮುಂಚೆ, ಕಿಟಕಿಯಿಂದ ನನ್ನ ಕೈ ಹಿಡಿದು, ಖುಲ್ಲಾ ಕೇಳಿದ್ದಳು.