ಸ್ಟೇರಿಂಗ್ ಮುಟ್ಟಿ ನೋಡಿದ ದನದ ಡಾಕ್ಟರಮ್ಮ

ದನದ ಡಾಕ್ಟರಮ್ಮನಿಗೆ ಐವತ್ತೆರಡು ತುಂಬಿದ ವರ್ಷವೇ ಅವರ ಹಳೇ ಜೀಪು ಕೈಕೊಟ್ಟಿತು. ಹತ್ತೊಂಬತ್ತು ವರ್ಷ ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆಲ್ಲ ಅವರನ್ನು ಹೊತ್ತು ತಿರುಗಿದ ಗಾಡಿ ಅದು. ಅಡಿಭಾಗವೆಲ್ಲ ತುಕ್ಕು ತಿಂದಿದೆ, ಇನ್ನು ಬೆಸುಗೆ ನಿಲ್ಲೋದಿಲ್ಲ ಅಂತ ಮೆಕ್ಯಾನಿಕ್ ಕೈಚೆಲ್ಲಿದ. ಡಾಕ್ಟರಮ್ಮ ತಲೆ ಮೇಲೆ ಕೈಹೊತ್ತು ಕೂರುವ ಪೈಕಿಯವರಲ್ಲ. ಅಂಥದೇ ಗುಡ್ಡ ಹತ್ತುವ ಗಾಡಿಯನ್ನು ಕಾರ್ಖಾನೆಯಿಂದ ಹೊಸದಾಗಿ ತರಿಸುವುದು ಅಂತ ಮರುದಿನವೇ ತೀರ್ಮಾನಿಸಿಬಿಟ್ಟರು.

ಚಿಂತೆ ಹತ್ತಿಕೊಂಡಿದ್ದು ಅವರ ಗಂಡನಿಗೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಎರಡೆರಡು ಸಲ ತಾಳೆ ನೋಡದೆ ಯಾವುದನ್ನೂ ಒಪ್ಪುವವರಲ್ಲ. ಕಂಪ್ಯೂಟರಿನ ಮುಂದೆ ಕೂತು, ಅದೇ ಗಾಡಿ ಕೊಂಡವರ ದೂರುಗಳನ್ನೆಲ್ಲ ಓದಿದರು. ಹೊಂಡ ಹಾರಿದ ಮೇಲೆ ಸ್ಟೇರಿಂಗ್ ಗಡಗಡ ನಡುಗುತ್ತದಂತೆ, ಕೈಯಲ್ಲಿ ನಿಲ್ಲುವುದೇ ಇಲ್ಲವಂತೆ. ಊಟಕ್ಕೆ ಕೂತರೂ ಅದೇ ಮಾತು. ಹಿಂದೊಮ್ಮೆ ಎತ್ತು ಒದ್ದು ಹೆಂಡತಿಯ ಎಡಭುಜ ಸೊಟ್ಟಗಾಗಿದ್ದು ಅವರ ಮನಸ್ಸಿನಲ್ಲಿತ್ತು.

“ಬೇರೆ ಗಾಡಿ ನೋಡೋಣ ಕಣೆ,” ಅಂದರು.

“ಕಾಯಿಲೆ ಏನು ಅಂತ ಗೊತ್ತಾಗೋ ಮುಂಚೆ ಹಸು ಮಾರ್ತಾರೇನ್ರೀ? ಹೋಗಿ ಮುಟ್ಟಿ ನೋಡೋಣ, ನಡೀರಿ.”

ಶೋರೂಮಿನ ಮಾರಾಟಗಾರ ನಡುವಯಸ್ಸಿನವನು, ಮಾತು ಬೆಣ್ಣೆ. ಓಡಿಸುವವರು ಮೇಷ್ಟ್ರೇ ಅಂದುಕೊಂಡು ಹತ್ತು ನಿಮಿಷ ಅವರಿಗೇ ಗಾಡಿಯ ಗುಣಗಾನ ಮಾಡಿದ. ಸೈಕಲ್ಲನ್ನೂ ಇಳಿಜಾರಿನಲ್ಲಿ ತಳ್ಳಿಕೊಂಡೇ ಹೋಗುವ ಮೇಷ್ಟ್ರು ಮೆಲ್ಲಗೆ ಹೆಂಡತಿಯತ್ತ ಬೆರಳು ತೋರಿಸಿದರು. ಅವನು ತಬ್ಬಿಬ್ಬಾಗದೆ ಗಾಡಿ ಕಾಯ್ದಿರಿಸುವ ಅರ್ಜಿ ಎಳೆದುಕೊಂಡು, ಹೆಚ್ಚುವರಿ ಸಾಮಾನಿನ ಪಟ್ಟಿಯಲ್ಲಿ ಅಗಲ ಟಯರಿಗೆ ಒಂದು ಗುರುತು, ಎತ್ತರಿಸಿದ ಸ್ಪ್ರಿಂಗಿಗೆ ಒಂದು ಗುರುತು ಹಾಕತೊಡಗಿದ. ಸ್ಟೇರಿಂಗಿನ ವಿಚಾರ ಕೇಳಿದ್ದಕ್ಕೆ, ಅದೆಲ್ಲ ಓಡಿಸಲು ಬಾರದವರ ಮಾತು, ನಡುಕ ಹೀರಿಕೊಳ್ಳುವ ಸರಳೊಂದನ್ನು ಕೂರಿಸಿದರೆ ಮುಗಿಯಿತು ಅಂದ.

“ನಡುಕ ಅಡಗಿಸೋದು ಬೇರೆ, ವಾಸಿ ಮಾಡೋದು ಬೇರೆ. ಬೀಗದಕೈ ಕೊಡಿ,” ಅಂದರು ಡಾಕ್ಟರಮ್ಮ.

ಜನರಿಗೆ ಓಡಿಸಿ ನೋಡಲು ಇಟ್ಟಿದ್ದ ಗಾಡಿಗೆ ಅಗಲ ಟಯರು, ಎತ್ತರದ ಸ್ಪ್ರಿಂಗು ಎರಡೂ ಇದ್ದವು. ಪಕ್ಕದಲ್ಲಿ ಕೂತ ಮಾರಾಟಗಾರ ಹೆದ್ದಾರಿಯತ್ತ ಕೈ ತೋರಿಸಿದ. ಡಾಕ್ಟರಮ್ಮ ಶೋರೂಮಿನ ಹಿಂದಿನ ಕಿತ್ತುಹೋದ ರಸ್ತೆಗೆ ತಿರುಗಿಸಿದರು. ಅಲ್ಲಿ ಬಳಕೆ ತಪ್ಪಿದ ರೈಲು ಹಳಿಯೊಂದು ರಸ್ತೆಗೆ ಅಡ್ಡಲಾಗಿತ್ತು. ಅರವತ್ತರ ವೇಗದಲ್ಲಿ ಅದನ್ನು ದಾಟಿದ್ದೇ ತಡ, ಚಳಿಜ್ವರ ಬಂದವರಂತೆ ಗಾಡಿ ಕುಲುಕತೊಡಗಿತು. ಹಿಂದೆ ಕೂತ ಮೇಷ್ಟ್ರಿಗೆ ಜೀವ ಬಾಯಿಗೆ ಬಂತು. ಡಾಕ್ಟರಮ್ಮ ಬ್ರೇಕ್ ತುಳಿಯಲಿಲ್ಲ. ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಿ, ಗಾಡಿಯನ್ನು ತಾನಾಗೇ ನಿಧಾನವಾಗಲು ಬಿಟ್ಟರು. ನಡುಕ ನಿಂತಿತು. ಮಾರಾಟಗಾರನ ಬಾಯಲ್ಲಿದ್ದ ಬೆಣ್ಣೆಯೂ ಕರಗಿಹೋಗಿತ್ತು.

ಶೋರೂಮಿಗೆ ಮರಳಿದವರೇ ಅವನನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಚಾಲೂ ಇಟ್ಟು, ನಿಂತಲ್ಲೇ ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿರಿ ಅಂದರು. ತಾವು ಹಳೇ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ಮಲಗಿದರು. ಕತ್ತಲ ಗರ್ಭದೊಳಗೆ ಕೈಯಿಟ್ಟು ಕರುವಿನ ಮುಂಗಾಲು ಯಾವುದು, ಹಿಂಗಾಲು ಯಾವುದು ಅಂತ ಹೇಳಬಲ್ಲ ಬೆರಳುಗಳು ಅವರವು. ಒಂದೊಂದೇ ಕೀಲು ಮುಟ್ಟುತ್ತ ಬಂದರು. ಮುಂದಿನ ಅಚ್ಚನ್ನು ಗಾಡಿಯ ಚೌಕಟ್ಟಿಗೆ ಬಿಗಿಯುವ ಅಡ್ಡದಂಡದ ಕೊನೆಯಲ್ಲಿ ಬೆರಳಿಗೆ ‘ಟಕ್’ ಅಂತ ತಗುಲಿತು. ಬೋಲ್ಟು ಸಡಿಲ.

ಶೋರೂಮಿನ ಮೆಕ್ಯಾನಿಕ್ ಬಂದು ನೋಡಿ ತಲೆ ಕೆರೆದುಕೊಂಡ. ಸ್ಪ್ರಿಂಗು ಎತ್ತರಿಸಿದಾಗ ಬಿಚ್ಚಿದ್ದ ಬೋಲ್ಟು, ಮತ್ತೆ ಸರಿಯಾಗಿ ಬಿಗಿದಿರಲಿಲ್ಲ. ಅಗಲ ಟಯರಿನ ಭಾರ ಬೇರೆ. ಅವನೇ ಬಿಗಿದುಕೊಟ್ಟ. ಅದೇ ಹಳಿಯ ಮೇಲೆ ಇನ್ನೊಮ್ಮೆ ಓಡಿಸಿದರು. ಸ್ಟೇರಿಂಗ್ ಒಮ್ಮೆ ಅದುರಿ ಸುಮ್ಮನಾಯಿತು.

ಡಾಕ್ಟರಮ್ಮ ಅರ್ಜಿಯಲ್ಲಿನ ಎರಡೂ ಗುರುತು ಹೊಡೆದುಹಾಕಿದರು. ಕಾರ್ಖಾನೆಯ ಟಯರೇ ಸಾಕು, ಕಾರ್ಖಾನೆಯ ಎತ್ತರವೇ ಸಾಕು, ಪ್ರತಿ ಕೀಲನ್ನೂ ಬಿಗಿದು ಪರೀಕ್ಷಿಸಿದವರ ಸಹಿ ಬೇಕು ಅಂತ ಕೊನೆಯ ಷರಾ ಖಾನೆಯಲ್ಲಿ ಬರೆದರು. ಡಾಕ್ಟರ ಅಕ್ಷರ ಬ್ರಹ್ಮನಿಗೂ ಅರ್ಥವಾಗದು ಅಂತ ಮೇಷ್ಟ್ರು ಅದನ್ನೇ ದುಂಡಗೆ ಮತ್ತೆ ಬರೆದುಕೊಟ್ಟರು.

ನಾಲ್ಕು ತಿಂಗಳಿಗೆ ಗಾಡಿ ಬಂತು. ಕೀಲುಗಳೆಲ್ಲ ಗಟ್ಟಿ, ಸಹಿಯೂ ಇತ್ತು. ಆದರೆ ನೇರ ಹೋಗುವಾಗ ಸ್ಟೇರಿಂಗ್ ಒಂದೆಳೆ ಎಡಕ್ಕೆ ವಾಲಿತ್ತು. ಬಹಳಷ್ಟು ಗಾಡಿಗಳು ಹಾಗೇ ಬರುತ್ತವೆ, ಅಭ್ಯಾಸವಾಗುತ್ತದೆ ಅಂತ ಮಾರಾಟಗಾರ ಸಮಾಧಾನ ಹೇಳಿದ. ಸೊಟ್ಟ ಭುಜ ಒಂದೇ ಸಾಕು, ಸೊಟ್ಟ ಸ್ಟೇರಿಂಗ್ ಬೇಡ ಅಂದು ಡಾಕ್ಟರಮ್ಮ ಅಲ್ಲೇ ಕುರ್ಚಿ ಎಳೆದು ಕೂತರು. ಎರಡು ಗಂಟೆಯಲ್ಲಿ ನೆಟ್ಟಗಾಯಿತು.

ಆ ವಾರವೇ ಗುಡ್ಡದ ತುದಿಯಿಂದ ಕರೆ ಬಂತು: ಹಸು ಬೆಳಗಿನಿಂದ ತಿಣುಕುತ್ತಿದೆ, ಕರು ಅಡ್ಡ ಬಿದ್ದಿದೆ. ಮೇಷ್ಟ್ರು ನಾನೂ ಬರುತ್ತೇನೆಂದು ಹತ್ತಿ ಕೂತರು. ಕಲ್ಲುದಾರಿಯ ಮೊದಲ ತಿರುವಿನಲ್ಲಿ ಎದುರಿನ ಹಿಡಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡವರು, ನಾಲ್ಕನೆಯದಕ್ಕೆ ಒಂದು ಕೈ ಬಿಟ್ಟರು, ಮುಂದೆ ಹೋಗುತ್ತ ಕಡಲೆಕಾಯಿ ಬಿಡಿಸಿ ಹೆಂಡತಿಯ ಬಾಯಿಗೂ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಕರು ಹೊರಬಂತು, ಹೆಣ್ಣು. ಡಾಕ್ಟರಮ್ಮ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದರು. ಹಸುವಿನ ಒಡತಿ ನೀರು ಹಾಕುತ್ತ, ಹೊಸ ಗಾಡಿ ಹೇಗಿದೆ ಅಂತ ಕೇಳಿದಳು.

ಅವರು ಬಾಯಿ ತೆರೆಯುವ ಮುಂಚೆ ಮೇಷ್ಟ್ರೇ ಹೇಳಿದರು: “ಹೇಳಿದ ಕಡೆಗೇ ಹೋಗುತ್ತೆ ಕಣಮ್ಮ. ನನಗಿಂತ ವಾಸಿ.”